ವಾಮಕುಕ್ಷಿಯ ಹೊತ್ತಿಗೆ ಬೆಲ್ಲು

ನಿನ್ನೆ ಮಧ್ಯಾಹ್ನ 2 ಗಂಟೆ 20 ನಿಮಿಷಕ್ಕೆ ಕಾಲಿಂಗ್ ಬೆಲ್ ಹೊಡೆಯಿತು. ಊಟ ಮುಗಿಸಿ, ಎಡಮಗ್ಗುಲಿಗೆ ಹೊರಳಿ, ಇನ್ನೇನು ಕಣ್ಣು ಹತ್ತಬೇಕು, ಆಗ. ಬಾಗಿಲು ತೆಗೆದರೆ ಪಾರ್ಸೆಲ್ ಹುಡುಗ. ‘ಪಕ್ಕದ ಮನೆ ಬೀಗ ಹಾಕಿದೆ ಸಾರ್, ಇಟ್ಕೊಳ್ತೀರಾ?’ ಇಟ್ಟುಕೊಂಡೆ. ಡಬ್ಬದ ಮೇಲೆ ದಿಂಬಿನ ಚಿತ್ರವಿತ್ತು. ನನ್ನ ನಿದ್ದೆ ಕೆಡಿಸಿ ಅವರು ಹಾಯಾಗಿ ಮಲಗಲಿದ್ದಾರೆ.

ಡಾಕ್ಟರು ಹೇಳಿದ್ದನ್ನೆಲ್ಲ ನಾನು ಮಾಡುತ್ತೇನೆ. ಬೆಳಿಗ್ಗೆ ಬಿಸಿಲಲ್ಲಿ ಓಡಾಟ, ಸಂಜೆ ಕಾಫಿ ಇಲ್ಲ, ಹಾಸಿಗೆಯಲ್ಲಿ ಮೊಬೈಲ್ ಇಲ್ಲ. ಒಂದರಲ್ಲೂ ಸುಖವಿಲ್ಲ. ಮಧ್ಯಾಹ್ನ ಬೇಕಾದರೆ 20 ನಿಮಿಷ ಮಲಗಿ, 3 ಗಂಟೆ ದಾಟಿಸಬೇಡಿ ಎಂದದ್ದೊಂದೇ ಮನಸ್ಸಿಗೆ ಹಿಡಿಸಿದ ಮಾತು.

ತಿಪಟೂರಿನ ನಮ್ಮ ದೊಡ್ಡಪ್ಪನಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಊಟ, ಎಲೆಅಡಿಕೆ, ಆಮೇಲೆ ನಡುಮನೆಯಲ್ಲಿ ಚಾಪೆ, ಮುಖದ ಮೇಲೆ ಪೇಪರ್. ವಾಮಕುಕ್ಷಿ ಅಂದರೆ ವಾಮಕುಕ್ಷಿ. ಅವರು ಏಳುವವರೆಗೂ ಮನೆಯಲ್ಲಿ ಲೋಟ ಸದ್ದು ಮಾಡುವಂತಿರಲಿಲ್ಲ. ಬೇಸಿಗೆ ರಜೆಗೆ ಹೋದ ನಾವು ಐದು ಜನ ಮಕ್ಕಳು ಜಗಲಿಯಲ್ಲಿ ಚೌಕಾಬಾರ ಆಡುತ್ತಿದ್ದೆವು. ನಾಲ್ಕು ಕವಡೆ ನೆಲಕ್ಕೆ ಬಿದ್ದರೆ ಸದ್ದಲ್ವಾ? ಅದಕ್ಕೇ ಕಂಬಳಿ ಮಡಚಿ ಅದರ ಮೇಲೆ ಹಾಕುತ್ತಿದ್ದೆವು. ಕಂಬಳಿಯ ಮೇಲೆ ಕವಡೆ ಓರೆಯಾಗಿ ನಿಲ್ಲುತ್ತದೆ. ಅಂಗಾತವೋ ಬೋರಲೋ ಎಂದು ಪಿಸುಮಾತಿನಲ್ಲೇ ಜಗಳ. ಪಿಸುಮಾತಿನ ಜಗಳದಲ್ಲಿ ಚಿವುಟುವುದು ಜಾಸ್ತಿ. ಒಂದು ದಿನ ಸೋಲುವ ಹಂತಕ್ಕೆ ಬಂದಿದ್ದ ನನಗೆ ನಾಲ್ಕೂ ಅಂಗಾತ ಬಿದ್ದವು. ‘ಚೌಕಾ!’ ಎಂದು ಕೂಗಿಬಿಟ್ಟೆ.

ಪೇಪರ್ ಸರಿದ ಸದ್ದಾಯಿತು. ದೊಡ್ಡಪ್ಪ ಬೈಯಲಿಲ್ಲ. ಎದ್ದು ಬಂದು, ಜಗಲಿಯಲ್ಲಿ ಕೂತು, ಎದುರಿನ ತೆಂಗಿನ ಮರವನ್ನು ನಾಲ್ಕು ಗಂಟೆಯವರೆಗೆ ನೋಡಿದರು. ಬೈದಿದ್ದರೆ ಚೆನ್ನಾಗಿತ್ತು. ಬೈದದ್ದು ದೊಡ್ಡಮ್ಮ. ‘ಮಲಗಿದ್ದವರನ್ನ ಎಬ್ಬಿಸಿದ್ಯಲ್ಲೋ, ಈಗ ರಾತ್ರಿವರೆಗೂ ಆ ಮುಖ ನೋಡೋಳು ನಾನು’ ಎಂದರು.

ನಾಸಾದವರು ದೂರದ ವಿಮಾನಗಳ ಪೈಲಟ್‌ಗಳಿಗೆ ಹಾರಾಟದ ನಡುವೆಯೇ ಮಲಗಲು 40 ನಿಮಿಷ ಕೊಟ್ಟು ನೋಡಿದ್ದಾರೆ. ಸರಾಸರಿ 26 ನಿಮಿಷ ನಿದ್ದೆ ಮಾಡಿದರಂತೆ, ಆಮೇಲೆ ಚುರುಕಾಗಿದ್ದರಂತೆ. ಇದನ್ನು ಓದಿದಾಗ ನನಗೆ ಮೊದಲು ಹೊಳೆದದ್ದು, ಆ ಹೊತ್ತು ವಿಮಾನ ಓಡಿಸುತ್ತಿದ್ದವರು ಯಾರು ಅಂತ. ಪಕ್ಕದಲ್ಲಿ ಎಚ್ಚರವಾಗಿದ್ದವರು, ಇನ್ಯಾರು. ತಿಪಟೂರಿನಲ್ಲಿ ಆ ಕೆಲಸ ದೊಡ್ಡಮ್ಮನದು. ಹೊಸಿಲ ಹತ್ತಿರ ಮೊರದಲ್ಲಿ ಅಕ್ಕಿ ಆರಿಸುತ್ತಾ ಕೂತಿರುತ್ತಿದ್ದರು. ಹಳೇ ಪೇಪರಿನವನು ಕೂಗುವ ಮೊದಲೇ ಗೇಟಿಗೆ ಓಡಿ ಕೈ ಬೀಸಿ ಕಳಿಸುತ್ತಿದ್ದರು. ಮೂರಕ್ಕೆ ಡಿಕಾಕ್ಷನ್‌ಗೆ ನೀರಿಡುತ್ತಿದ್ದರು. ಅವರು ಮಧ್ಯಾಹ್ನ ಮಲಗಿದ್ದನ್ನು ನಾನು ನೋಡಿಲ್ಲ. ಮಲಗಬೇಕು ಅನ್ನಿಸುತ್ತಿತ್ತೇ ಎಂದು ಕೇಳಿಯೂ ಇಲ್ಲ.

ಇದನ್ನೆಲ್ಲ ನಿನ್ನೆ ಪಾರ್ಸೆಲ್ ಹಿಡಿದುಕೊಂಡೇ ಹೆಂಡತಿಗೆ ಹೇಳಿದೆ. ಪೂರ್ತಿ ಕೇಳಿಸಿಕೊಂಡಳು. ಇವತ್ತು ಊಟ ಆದಮೇಲೆ ತಾನೂ ಒಂದು ಚಾಪೆ ಹಾಸಿದಳು, ಬಾಗಿಲಿಗೆ ದೂರವಾಗಿ.

ಎರಡೂಕಾಲಿಗೆ ಬೆಲ್ ಆಯಿತು. ಇಬ್ಬರೂ ಅಲುಗಾಡಲಿಲ್ಲ. ಇನ್ನೊಮ್ಮೆ ಆಯಿತು. ನಾನು ಸುಮ್ನೆ ಸ್ವಲ್ಪ ಗೊರಕೆ ಹೊಡೆದೆ. ಅವಳು ನನಗಿಂತ ಜೋರಾಗಿ ಹೊಡೆದಳು.