ಹತ್ತು ಸೆಕೆಂಡ್ ಸುಮ್ನಿರ್ರಪ್ಪಾ
ಒಂದ್ ರೂಮಲ್ಲಿ ಸ್ಪೀಕರ್ ಸದ್ದು ಹೇಗೆ ಕೇಳ್ಸುತ್ತೆ ಅಂತ ಮೈಕ್ ಇಟ್ಟು ಅಳೆಯೋಕೆ ಇಡೀ ಭಾನುವಾರ ಬಲಿ ಕೊಡ್ಬೇಕಾ? ಮೈಕ್, ಸ್ಪೀಕರ್ ಎರಡನ್ನೂ ಕಂಪ್ಯೂಟರ್‌ಗೆ ಜೋಡಿಸೋ ಡಬ್ಬಿ ಇದ್ಯಲ್ಲ, ಆ ಇಂಟರ್‌ಫೇಸ್ ಔಟ್‌ಪುಟ್‌ನಿಂದ ಅದರ ಇನ್‌ಪುಟ್‌ಗೇ ಕೇಬಲ್ ಚುಚ್ಚಿ ಲೂಪ್‌ಬ್ಯಾಕ್ ಮಾಡಿದ್ರೆ ನೆಟ್ಟಗಿರಬೇಕಾದ ಗ್ರಾಫ್ ಗೆರೆ ತೀರಾ ತಗ್ಗಿನ ಸ್ವರದ 20 ಹರ್ಟ್ಸ್ ಹತ್ರ ಬಾಳೆಎಲೆ ತುದಿ ಥರ ಬಾಗಿರುತ್ತೆ, ಹೋಗ್ಲಿ ಅಂತ ಆ ಬಾಗನ್ನ ಲೆಕ್ಕದಿಂದ ಕಳೆಯೋ ಕ್ಯಾಲಿಬ್ರೇಷನ್ ಫೈಲ್ ಸೇವ್ ಮಾಡಿ ನೋಡಿದ್ರೆ 48000ದಲ್ಲಿ ಇಟ್ಟಿದ್ದ ಸ್ಯಾಂಪಲ್ ರೇಟು (ಸೆಕೆಂಡಿಗೆ ಎಷ್ಟು ಸಲ ಸದ್ದನ್ನ ಅಳೀಬೇಕು ಅನ್ನೋ ಲೆಕ್ಕ) ತಾನಾಗೇ 44100ಗೆ ಇಳಿದು ಕೂತಿರುತ್ತೆ. ಯಾರು ಹೇಳಿದ್ರು ಇಳಿ ಅಂತ? (ಮೈಕ್‌ಗೆ ಬೇಕಾದ 48 ವೋಲ್ಟ್ ಪವರ್ ಆನ್ ಮಾಡೋದು ಮರೆತು ಅರ್ಧ ಗಂಟೆ ಸ್ಪೀಕರ್‌ಗೆ ಬೈದಿದ್ದು ಬಿಡಿ.) ಇವತ್ತು 94 ಡಿಬಿಗೆ ಲೆವೆಲ್ಲೂ ಹೊಂದಿಸಿ, ಫ್ಯಾನ್ ಆಫ್ ಮಾಡಿ, ಉಸಿರು ಬಿಗಿಹಿಡಿದು, ತಗ್ಗಿನಿಂದ ಏರು ಸ್ವರಕ್ಕೆ ಜಾರೋ ಸ್ವೀಪ್ ಸದ್ದು ಬಿಟ್ಟೆ, 1 ಕಿಲೋಹರ್ಟ್ಸ್ ದಾಟೋ ಹೊತ್ತಿಗೆ ಕುಕ್ಕರ್ ಮೂರನೇ ವಿಶಲ್ಲು, ಅದರ ಮೇಲೆ ಬೀದೀಲಿ "ದಂಟ್ ಸೊಪ್ಪೋ, ಮೆಂತ್ಯಾ ಸೊಪ್ಪೋ". ಮತ್ತೆ ಶುರು ಮಾಡೋಣ ಅಂತ ತಿರುಗಿದ್ರೆ ಮಗಳು ಮೈಕ್ ಲೆವೆಲ್ ಏರಿಸೋ ಗೇನ್ ನಾಬ್ ತಿರುಗಿಸ್ತಾ ಕೂತಿದಾಳೆ, "ಅಪ್ಪಾ, ಲೈಟ್ ಕೆಂಪಾಗುತ್ತೆ ನೋಡು!"