ಕಲ್ಲಿದ್ದಲಿನ ಲೆಕ್ಕಕ್ಕೆ ಸಿಗದ ದಾಮೋದರ

ಕಲ್ಲಿದ್ದಲಿನ ವಿಚಾರ ಬಂದಾಗಲೆಲ್ಲ ನಾವು ಹೊಗೆಯನ್ನು ಚರ್ಚಿಸುತ್ತೇವೆಯೇ ಹೊರತು ನೀರನ್ನಲ್ಲ. ಛೋಟಾನಾಗಪುರ ಪ್ರಸ್ಥಭೂಮಿಯಲ್ಲಿ ಹುಟ್ಟಿ ಪಶ್ಚಿಮ ಬಂಗಾಳದಲ್ಲಿ ಹೂಗ್ಲಿಯನ್ನು ಸೇರುವ ದಾಮೋದರ ನದಿಯ ಕಣಿವೆಯಲ್ಲಿ ಕರಣಪುರ, ಬೊಕಾರೊ, ಝರಿಯಾ, ರಾಣಿಗಂಜ್ ಗಣಿ ಪ್ರದೇಶಗಳು ಹರಡಿಕೊಂಡಿವೆ. ರಾಣಿಗಂಜಿನಲ್ಲಿ 1774ರಲ್ಲೇ ಗಣಿಗಾರಿಕೆ ಆರಂಭವಾಗಿತ್ತು. 1943ರ ಪ್ರವಾಹದ ನಂತರ, ನದಿಯನ್ನು ಹತೋಟಿಗೆ ತರಲೆಂದು 1948ರಲ್ಲಿ ಸ್ಥಾಪನೆಯಾದ ದಾಮೋದರ ಕಣಿವೆ ನಿಗಮವೇ ಅದರ ಕಣಿವೆಯಲ್ಲಿ ಕಲ್ಲಿದ್ದಲು ಸುಡುವ ವಿದ್ಯುತ್ ಸ್ಥಾವರಗಳನ್ನೂ ಕಟ್ಟಿತು.

ಗೊಂಡ್ವಾನ ಎಂಬ ಪ್ರಾಚೀನ ಶಿಲಾಸ್ತರಗಳಲ್ಲಿ ಸಿಗುವ ಇಲ್ಲಿನ ಕಲ್ಲಿದ್ದಲಿನಲ್ಲಿ ಗಂಧಕ ಕಡಿಮೆ. ಆದ್ದರಿಂದ ಮೇಘಾಲಯದ ಗಣಿಗಳಿಂದ ಹರಿಯುವಂಥ ಆಮ್ಲೀಯ ನೀರು ಇಲ್ಲಿನ ಮುಖ್ಯ ಸಮಸ್ಯೆಯಲ್ಲ. ಆದರೆ ಬೂದಿಯ ಅಂಶ ಸಾಮಾನ್ಯವಾಗಿ ಶೇ. 30ಕ್ಕೂ ಹೆಚ್ಚು. ಹಾಗಾಗಿ ಉಕ್ಕು ತಯಾರಿಕೆಗೆ ಬೇಕಾದ ಕಲ್ಲಿದ್ದಲನ್ನು ಮೊದಲು ವಾಷರಿಗಳಲ್ಲಿ ತೊಳೆಯಬೇಕು. ತೊಳೆದ ನೀರಿನೊಡನೆ ನುಣ್ಣನೆಯ ಕಪ್ಪು ಕೆಸರು ನದಿಗೆ ಸೇರುತ್ತ ಬಂದಿದೆ. ವಾಷರಿಗಳ ಕೆಳಪಾತ್ರದಲ್ಲಿ ಜನ ಆ ಕೆಸರನ್ನೇ ಬಾಚಿ ತೆಗೆದು, ದಡದಲ್ಲಿ ಒಣಗಿಸಿ, ಒಲೆಗೆ ಉರುವಲಾಗಿ ಬಳಸುವುದೂ ಮಾರುವುದೂ ಉಂಟು. ಸ್ಥಾವರಗಳ ಹಾರುಬೂದಿಯನ್ನು ನೀರಿನಲ್ಲಿ ಕಲಸಿ ಬೂದಿ ಹೊಂಡಗಳಿಗೆ ಬಿಡಲಾಗುತ್ತದೆ. 2019ರಲ್ಲಿ ಬೊಕಾರೊ ಥರ್ಮಲ್ ಸ್ಥಾವರದ ಹೊಂಡದ ಕಟ್ಟೆ ಒಡೆದಾಗ ಬೂದಿ ನೇರವಾಗಿ ದಾಮೋದರದ ಉಪನದಿಯಾದ ಕೋನಾರ್‌ಗೆ ನುಗ್ಗಿತು.

ಇದು ಕಣ್ಣಿಗೆ ಕಾಣುವ ಭಾಗ. ತೆರೆದ ಗಣಿಯನ್ನು ಒಣಗಿಸಿಡಲು ಅಂತರ್ಜಲವನ್ನು ಹಗಲಿರುಳೂ ಪಂಪ್ ಮಾಡಬೇಕಾಗುವುದರಿಂದ ಸುತ್ತಲಿನ ಬಾವಿಗಳ ನೀರು ಕೆಳಗಿಳಿಯುತ್ತದೆ. ಭೂಗತ ಗಣಿಗಳ ಮೇಲಿನ ನೆಲ ಕುಸಿದಲ್ಲಿ ಹಳ್ಳಗಳ ನೀರು ಬಿರುಕುಗಳಲ್ಲಿ ಇಂಗಿಹೋಗುತ್ತದೆ. ಬಾವಿ ಬತ್ತಿದವರಿಗೆ ಗಣಿಯಿಂದಲೇ ಮೇಲೆತ್ತಿದ ನೀರನ್ನು ಪೂರೈಸಿ, ಅದನ್ನು ಉಪಕಾರವೆಂದು ಬಣ್ಣಿಸುವುದೊಂದು ವಿಚಿತ್ರ.

ನನ್ನ ಆಕ್ಷೇಪ ಅನುಮತಿ ನೀಡುವ ಕ್ರಮದ ಬಗ್ಗೆ. ಪರಿಸರ ಅನುಮತಿಯ ಪರಿಶೀಲನೆ ಮುಖ್ಯವಾಗಿ ಒಂದೊಂದು ಯೋಜನೆಗೆ ಪ್ರತ್ಯೇಕವಾಗಿ ನಡೆಯುತ್ತದೆ. ಒಂದೊಂದರ ಹಾನಿಯೂ ಕಾಗದದ ಮೇಲೆ ಸಹ್ಯವಾಗಿಯೇ ಕಾಣುತ್ತದೆ, ನದಿ ಮಾತ್ರ ಅವೆಲ್ಲದರ ಮೊತ್ತವನ್ನು ಹೊರುತ್ತದೆ. ಇಡೀ ಜಲಾನಯನಕ್ಕೆ ಒಂದೇ ನೀರಿನ ಲೆಕ್ಕ ಇಡದೆ ಹೊಸ ಗಣಿಗೆ ಅನುಮತಿ ಕೊಡಕೂಡದು.

ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿಯಿಲ್ಲವೆಂದು ನಾವು ನಿಶ್ಚಿಂತರಾಗುವಂತಿಲ್ಲ. ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಬರಾಂಜ್ ಗಣಿಗಳು ಹಂಚಿಕೆಯಾಗಿರುವುದು ನಮ್ಮ ಕರ್ನಾಟಕ ವಿದ್ಯುತ್ ನಿಗಮಕ್ಕೇ. ಅಲ್ಲಿ ಎಷ್ಟು ಅಂತರ್ಜಲ ಮೇಲೆತ್ತಲಾಗುತ್ತಿದೆ, ಅದು ಎಲ್ಲಿಗೆ ಹರಿಯುತ್ತಿದೆ, ಸುತ್ತಲಿನ ಬಾವಿಗಳ ಮಟ್ಟ ಎಷ್ಟಿದೆ ಎಂಬ ವಿವರಗಳನ್ನು ನಿಗಮವು ವರ್ಷಕ್ಕೊಮ್ಮೆ ಕನ್ನಡದಲ್ಲೂ ಮರಾಠಿಯಲ್ಲೂ ಪ್ರಕಟಿಸಲಿ. ನಮ್ಮ ಶಾಸಕರು ಅದನ್ನು ಸದನದಲ್ಲಿ ಕೇಳಲಿ.