ವೇಷ ಬಾರದ ಪೀಠಿಕೆ

ಊರಿನ ಅಡಿಕೆ ಬೆಳೆಗಾರರಿಗೆ ಬೋರ್ಡೋ ದ್ರಾವಣದ ಬಗ್ಗೆ ಮೂರು ನಿಮಿಷದ ವಿಡಿಯೋ ಮಾಡಿಕೊಡುತ್ತೇನೆಂದು ಬಾಯಿಬಿಟ್ಟವನು ನಾನೇ. ಮಳೆ ಹಿಡಿಯುವ ಮೊದಲು ಕೊಳೆರೋಗಕ್ಕೆ ಮದ್ದು ಬಿಡುವ ಗಡಿಬಿಡಿಯಲ್ಲೇ ಅಪ್ಪನನ್ನು ಅಂಗಳದಲ್ಲಿ ನಿಲ್ಲಿಸಿ ಶೂಟಿಂಗ್ ಮುಗಿಸಿದೆ. 1 ಕಿಲೋ ಮೈಲುತುತ್ತು 50 ಲೀಟರ್ ನೀರಿಗೆ, 1 ಕಿಲೋ ಸುಣ್ಣ ಇನ್ನೊಂದು 50 ಲೀಟರಿಗೆ; ಆಮೇಲೆ ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯುತ್ತಾ ಕಲಕುವುದು. ಕೊನೆಗೆ ಕತ್ತಿ ಅದ್ದಿ ನೋಡುವುದು: ಅಲಗಿಗೆ ತಾಮ್ರದ ಕೆಂಪು ಹಿಡಿದರೆ ಸುಣ್ಣ ಸಾಲದು ಅಂತ ಲೆಕ್ಕ. ಇನ್ನು ಹಿನ್ನೆಲೆ ಸಂಗೀತ ಒಂದು ಬಾಕಿ.

ರಾತ್ರಿ ಹೆಡ್‌ಫೋನ್ ಏರಿಸಿ ಕೂತೆ. ಹಾಡಿಲ್ಲದ ಇಲೆಕ್ಟ್ರಾನಿಕ್ ಟ್ರ್ಯಾಕೇ ಬೇಕಿತ್ತು, ಅಪ್ಪನ ಮಾತಿನಡಿ ಇನ್ನೊಬ್ಬರು ಹಾಡಿದರೆ ಎರಡೂ ತಿಳಿಯುವುದಿಲ್ಲ. ಹಾಡಿಲ್ಲದಿದ್ದರೆ ಮುಗಿಯಿತು ಎಂದಲ್ಲ. ಮಾತು ಸ್ಪಷ್ಟವಾಗುವುದು ಹೆಚ್ಚಾಗಿ 2 ಕಿಲೋಹರ್ಟ್ಸ್‌ನಿಂದ ಮೇಲಿನ ಕೀರಲು ದನಿಯಲ್ಲಿ. ಸಿಂಥ್ ಎಂಬ ಇಲೆಕ್ಟ್ರಾನಿಕ್ ವಾದ್ಯ ಅಲ್ಲೇ ಕಿರುಚುತ್ತಿದ್ದರೆ 'ಸುಣ್ಣ' ಹೋಗಿ 'ಉಣ್ಣ' ಆಗುತ್ತದೆ. ಹತ್ತಿಪ್ಪತ್ತು ಕೇಳಿದ ಮೇಲೆ 120 ಬಿಪಿಎಂನ, ಅಂದರೆ ನಿಮಿಷಕ್ಕೆ 120 ಪೆಟ್ಟಿನ ಒಂದು ಸಿಕ್ಕಿತು. ಸೆಕೆಂಡಿಗೆ ಸರಿಯಾಗಿ ಎರಡು ಪೆಟ್ಟು. ದೃಶ್ಯ ಕತ್ತರಿಸಲು ನನ್ನಂಥ ಗಣಿತದ ಶತ್ರುವಿಗೂ ಸುಲಭ.

ದೊಡ್ಡ ಸ್ಪೀಕರಿನಲ್ಲೂ ಒಮ್ಮೆ ಕೇಳಿಬಿಡುವಾ ಅಂದುಕೊಂಡದ್ದು ಹನ್ನೊಂದು ಗಂಟೆಗೆ. ಧಡ್ ಧಡ್ ಶುರುವಾದದ್ದೇ ಒಳಗಿಂದ ಅಮ್ಮ, "ಪಂಪು ಬಂದ್ ಮಾಡ್ಲಿಲ್ವಾ ನೀನು? ಟ್ಯಾಂಕಿ ತುಂಬಿ ಹರೀತಾ ಇರ್ಬೇಕು!" ನಾನು ಬಾಯಿ ತೆರೆಯುವಷ್ಟರಲ್ಲಿ ಟಾರ್ಚ್ ಹಿಡಿದು ತೋಟಕ್ಕೆ ಇಳಿದಾಗಿತ್ತು.

ಬೆಳಿಗ್ಗೆ ಫೋನಿನಲ್ಲಿ ಹಾಕಿದರೆ ಆ ಧಡ್ ಧಡ್ಡೇ ಇಲ್ಲ! ಕಾಳುಮೆಣಸಿನಷ್ಟು ಸ್ಪೀಕರಿಗೆ ಅಷ್ಟು ತಗ್ಗಿನ ಸ್ವರ ಎತ್ತಲಾಗುವುದಿಲ್ಲ. ಉಳಿದದ್ದು ಚಿಟ್ ಚಿಟ್ ಎನ್ನುವ ಜೀರುಂಡೆ. ನೋಡುವವರೆಲ್ಲ ಫೋನಿನಲ್ಲೇ ನೋಡುವವರು.

ಅಪ್ಪನಿಗೆ ತೋರಿಸಿದೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆಗೆ ಬಹಳ ದೂರದವರಲ್ಲ ನಾವು. ಇಲ್ಲಿ ಹಿಮ್ಮೇಳ ಏರಿದರೆ ವೇಷ ಬರಲೇಬೇಕು. ಟ್ರ್ಯಾಕು 40 ಸೆಕೆಂಡ್ ಏರಿ ಏರಿ, ಉಸಿರು ಕಟ್ಟಿ, ಧೊಪ್ಪನೆ ಬೀಳುತ್ತದೆ. ಅಪ್ಪ ಕುರ್ಚಿಯ ತುದಿಗೆ ಬಂದಿದ್ದರು. ಸರಿಯಾಗಿ ಆ ಹೊತ್ತಿಗೆ ಪರದೆಯ ಮೇಲೆ ಬಂದವರು ಲುಂಗಿ ಮೇಲೆ ಕಟ್ಟಿ, ಬಾಲ್ದಿ ಹಿಡಿದ ಅಪ್ಪನೇ.

"ಇಷ್ಟು ಪೀಠಿಕೆ ಹಾಕಿ, ವೇಷವೇ ಇಲ್ಲ ಅಲ್ವಾ ಮಾರಾಯ!"

ಆದರೂ ಹಟಕ್ಕೆ ಬಿದ್ದು ಬಂಧುಗಳ ವಾಟ್ಸಾಪ್ ಗುಂಪಿಗೆ ಬಿಟ್ಟೆ. ಐದು ನಿಮಿಷದಲ್ಲಿ ಚಿಕ್ಕಮ್ಮನ ಫೋನು: "ಎಲ್ಲ ಚಂದ ಉಂಟು. ಆದರೆ ಸುಣ್ಣ ಕಲಕುವಾಗಲೆಲ್ಲ ಇಂಗ್ಲಿಷ್‌ನಲ್ಲಿ ಎಂತದೋ ಹೇಳ್ತಾಳಲ್ಲ, ಆ ಹೆಂಗಸು ಯಾರು?"

ಜೀವ ಝಲ್ಲೆಂದಿತು. ನಾನು ಇಳಿಸಿಕೊಂಡದ್ದು ಮಾದರಿ ಪ್ರತಿ. ಕದಿಯದಿರಲೆಂದು ಆಗಾಗ ಕಂಪೆನಿಯ ಹೆಸರು ಹೇಳಿಸಿಟ್ಟಿದ್ದರು. ಕೊನೆಗೆ ಬದಲಿಸಿದರಾಯಿತು ಅಂತ ಹಾಕಿದವನು, ಬದಲಿಸುವುದನ್ನೇ ಮರೆತಿದ್ದೆ. ಕೇಳಿ ಕೇಳಿ ಆ ದನಿ ನನ್ನ ಕಿವಿಗೆ ಬೀಳುವುದೇ ನಿಂತಿತ್ತು. 'ರಾಯಲ್ಟಿ ಫ್ರೀ' ಎಂದರೆ ಧರ್ಮಕ್ಕೆ ಎಂದಲ್ಲವಂತೆ, ಒಮ್ಮೆ ಕೊಟ್ಟವನು ಪ್ರತಿಸಲ ಕೊಡಬೇಕಿಲ್ಲ ಎಂದಷ್ಟೇ. ಅದೂ ಅವತ್ತೇ ತಿಳಿದದ್ದು.

ಹಣ ತೆತ್ತು, ಹೆಂಗಸನ್ನು ಬಿಡಿಸಿ, ಫೋನಿಗೂ ಕೇಳುವಂತೆ ಪ್ರತಿ ಪೆಟ್ಟಿಗೂ ಒಂದು ಕಟಕಟ ಸೇರಿಸಿ, ರಾತ್ರಿ ಊಟದ ನಂತರ ಟಿವಿಗೂ ದೊಡ್ಡ ಸ್ಪೀಕರಿಗೂ ಜೋಡಿಸಿ ಎಲ್ಲರನ್ನೂ ಕೂರಿಸಿದೆ. 40ನೇ ಸೆಕೆಂಡಿಗೆ ಅಮ್ಮ ಎದ್ದು ಟಾರ್ಚ್ ಹುಡುಕತೊಡಗಿದಳು.